ಪರದೆಯ ಮುಂದೆ ಸಹಿ: ವರ್ಜೀನಿಯದ ಒಬ್ಬ ಆನ್‌ಲೈನ್ ನೋಟರಿಯ ಅನುಭವದ ಪಾಠಗಳು

ಕರ್ನಾಟಕದಲ್ಲಿ ನೋಟರಿ ಎಂದರೆ ಕರಿ ಕೋಟು. ಸಾಮಾನ್ಯವಾಗಿ 10 ವರ್ಷ ವಕೀಲಿ ಮಾಡಿದವರಿಗೆ ಸಿಗುವ ಅಧಿಕಾರ ಅದು. ಅಮೆರಿಕದಲ್ಲಿ ಹಾಗಲ್ಲ. ಬ್ಯಾಂಕಿನ ಗುಮಾಸ್ತೆ, ಪಾರ್ಸೆಲ್ ಅಂಗಡಿಯ ಹುಡುಗ, ನನ್ನಂಥ ಸಾಫ್ಟ್‌ವೇರ್ ನೌಕರ, ಯಾರು ಬೇಕಾದರೂ ಅರ್ಜಿ ಹಾಕಿ ರಾಜ್ಯದಿಂದ ಕಮಿಷನ್, ಅಂದರೆ ನೋಟರಿಯಾಗಿ ನೇಮಕ, ಪಡೆಯಬಹುದು. ಕಾನೂನು ಸಲಹೆ ಕೊಡುವ ಹಕ್ಕು ನಮಗಿಲ್ಲ. ಸಹಿ ಮಾಡುವವರು ಅವರೇ ಹೌದೇ, ತಿಳಿದು ಒಪ್ಪಿ ಮಾಡುತ್ತಿದ್ದಾರೆಯೇ ಎಂದು ನೋಡಿ ಮುದ್ರೆ ಹಾಕುವುದಷ್ಟೇ ನಮ್ಮ ಪಾಲಿನ ಕೆಲಸ.

ಆ ನೋಡುವ ಕೆಲಸವನ್ನು ವಿಡಿಯೊದಲ್ಲೂ ಮಾಡಬಹುದು ಎಂದು ಮೊದಲು ಕಾನೂನು ಮಾಡಿದ ರಾಜ್ಯ ನಾನಿರುವ ವರ್ಜೀನಿಯ. 2011ರಲ್ಲಿ ಮಸೂದೆ ಪಾಸಾಗಿ 2012ರ ಜುಲೈ 1ರಿಂದ ಜಾರಿಗೆ ಬಂತು. ಬಹಳ ಕಾಲ ಅದರ ಗೊಡವೆಗೆ ಹೆಚ್ಚು ಜನ ಬರಲಿಲ್ಲ. 2020ರಲ್ಲಿ ಕೋವಿಡ್ ಬಂದು ಬ್ಯಾಂಕು, ಅಂಗಡಿ, ಕಚೇರಿಗಳ ಬಾಗಿಲು ಮುಚ್ಚಿದಾಗ ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ಈಗ ಬಹುಪಾಲು ರಾಜ್ಯಗಳಲ್ಲಿ ಇದು ಕಾಯಂ ಕಾನೂನು. ಸಂಜೆ ಮತ್ತು ಶನಿವಾರ ನಾನು ಮಾಡುವ ಈ ಕೆಲಸದಲ್ಲಿ ನಮ್ಮ ಕನ್ನಡದವರು ಮತ್ತೆ ಮತ್ತೆ ಎಡವುವ ಕಡೆಗಳನ್ನು ಇಲ್ಲಿ ಬರೆದಿದ್ದೇನೆ.

1. ಕಾಗದ ತಲುಪುವ ಕಚೇರಿಯನ್ನು ಮೊದಲು ಕೇಳಿ

ಜನ ನನಗೆ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ, "ಸಾರ್, ಆನ್‌ಲೈನ್ ನೋಟರಿ ಕಾನೂನುಬದ್ಧವೇ?" ಕಾನೂನುಬದ್ಧವೇ. ಆದರೆ ಪ್ರಶ್ನೆ ಅದಲ್ಲ. ಆ ಕಾಗದ ಯಾರ ಮೇಜಿಗೆ ಹೋಗುತ್ತದೆ, ಅವರು ಅದನ್ನು ತೆಗೆದುಕೊಳ್ಳುತ್ತಾರೆಯೇ ಎಂಬುದು ಪ್ರಶ್ನೆ. ನನ್ನ ಮುದ್ರೆ ಸರಿಯಿದ್ದರೂ ಕಾಗದವನ್ನು ತಿರುಗಿಸಿ ಕಳಿಸುವವರು ಇದ್ದಾರೆ. ಒಂದು ನಿವೃತ್ತಿ ನಿಧಿಯ ಕಂಪನಿಗೆ ಪೆನ್ನಿನ ಸಹಿಯೇ ಬೇಕು, ಇನ್ನೊಂದಕ್ಕೆ ತಾನು ಹೇಳಿದ ಆನ್‌ಲೈನ್ ವೇದಿಕೆಯೇ ಬೇಕು. ಮನೆ ಮಾರಾಟವಾದರೆ ಒಡೆತನಕ್ಕೆ ವಿಮೆ ಕೊಡುವ ಟೈಟಲ್ ಇನ್ಶೂರೆನ್ಸ್ ಕಂಪನಿಯ ಒಪ್ಪಿಗೆ ಮುಂಚೆಯೇ ಬೇಕು. ಅವರು ಒಲ್ಲೆ ಎಂದರೆ ವಿಡಿಯೊದಲ್ಲಿ ಎಷ್ಟು ಚೆನ್ನಾಗಿ ಸಹಿ ಮಾಡಿದರೂ ವ್ಯಾಪಾರ ಮುಗಿಯುವುದಿಲ್ಲ.

ಕೇಳುವುದನ್ನು ಬಾಯಿಮಾತಿನಲ್ಲಿ ಕೇಳಬೇಡಿ. ಇ-ಮೇಲ್ ಹಾಕಿ, ಉತ್ತರ ಬರಹದಲ್ಲಿ ತರಿಸಿಕೊಳ್ಳಿ. "ಇ-ಸಹಿ ನಡೆಯುತ್ತದಾ?" ಎಂದಷ್ಟೇ ಕೇಳಿದರೆ ಸಾಲದು. ಗುಂಡಿ ಒತ್ತಿ ಮಾಡುವ ಮಾಮೂಲು ಇ-ಸಹಿಯೇ ಬೇರೆ, ನೋಟರಿ ವಿಡಿಯೊದಲ್ಲಿ ಕುಳಿತು ನೋಡಿ ಮುದ್ರೆ ಹಾಕುವುದೇ ಬೇರೆ. ಕೌಂಟರಿನಲ್ಲಿ ಕುಳಿತವರಿಗೂ ಎಷ್ಟೋ ಸಲ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ಅವರು "ಹೂಂ" ಎಂದದ್ದು ಯಾವುದಕ್ಕೆ ಎಂದು ಆಮೇಲೆ ಜಗಳವಾಗುತ್ತದೆ.

2. ಊರಿನ ಆಸ್ತಿಯ ಜಿಪಿಎಗೆ ಈ ದಾರಿ ಬೇಡ

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನನ್ನ ಹತ್ತಿರ ಬರುವ ಕನ್ನಡಿಗರಲ್ಲಿ ಬಹಳ ಜನರಿಗೆ ಬೇಕಾದದ್ದೇ ಇದು. ಬೆಂಗಳೂರಿನ ಫ್ಲ್ಯಾಟು ಮಾರಬೇಕು, ಮೈಸೂರಿನ ಸೈಟಿಗೆ ಖಾತೆ ಮಾಡಿಸಬೇಕು, ಹಾಸನದ ತೋಟ ಅಣ್ಣತಮ್ಮಂದಿರ ನಡುವೆ ಪಾಲಾಗಬೇಕು. ರಜೆ ಸಿಗದು, ಟಿಕೆಟ್ ದುಬಾರಿ. ಊರಿನಲ್ಲಿರುವ ಭಾವನಿಗೋ ಅಕ್ಕನಿಗೋ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟರೆ ಮುಗಿಯಿತು, ಅದನ್ನೂ ಸೋಫಾದ ಮೇಲೆ ಕುಳಿತೇ ಮಾಡಿಬಿಡೋಣ ಎಂಬ ಆಸೆ.

ನಾನು ಇಂಥವರನ್ನು ವಾಪಸ್ ಕಳಿಸುತ್ತೇನೆ. ಭಾರತದ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೂ ಸಹಿಗೂ ಮಾನ್ಯತೆ ಕೊಟ್ಟಿತಲ್ಲ, ಅದರ ಮೊದಲ ಅನುಸೂಚಿಯಲ್ಲಿ ಆ ಮಾನ್ಯತೆ ಅನ್ವಯಿಸದ ದಾಖಲೆಗಳ ಪಟ್ಟಿಯೊಂದಿದೆ. ಪವರ್ ಆಫ್ ಅಟಾರ್ನಿ ಮೊದಲಿನಿಂದಲೂ ಅದರಲ್ಲಿದೆ, ವಿಲ್ ಕೂಡ. 2022ರಲ್ಲಿ ಪಟ್ಟಿಯನ್ನು ತಿದ್ದಿದರು. ರಿಸರ್ವ್ ಬ್ಯಾಂಕು, ಸೆಬಿಯಂಥ ನಿಯಂತ್ರಕರ ಕೈಕೆಳಗಿನ ಸಂಸ್ಥೆಗಳಿಗೆ ಕೊಡುವ ಪವರ್ ಆಫ್ ಅಟಾರ್ನಿಗೆ ಮಾತ್ರ ವಿನಾಯಿತಿ ಬಂತು. ಭಾವನಿಗೆ ಕೊಡುವುದು ಪಟ್ಟಿಯಲ್ಲೇ ಉಳಿಯಿತು. ಅಂದರೆ ಪರದೆಯ ಮೇಲೆ ಸಹಿ ಮಾಡಿ ಪಿಡಿಎಫ್ ಆಗಿ ಹುಟ್ಟಿದ ಜಿಪಿಎ ಅಮೆರಿಕದಲ್ಲಿ ಎಷ್ಟೇ ಶುದ್ಧವಾಗಿರಲಿ, ಭಾರತದಲ್ಲಿ ಅದರ ಕಾಲ ಕೆಳಗೆ ನೆಲವಿಲ್ಲ.

ಎರಡನೆಯದು ನೋಂದಣಿ. 1908ರ ನೋಂದಣಿ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ, ಭಾರತದಲ್ಲಿ ವಾಸವಿಲ್ಲದವರ ಪವರ್ ಆಫ್ ಅಟಾರ್ನಿ ನೋಟರಿ, ನ್ಯಾಯಾಲಯ, ನ್ಯಾಯಾಧೀಶ, ಮ್ಯಾಜಿಸ್ಟ್ರೇಟ್, ಭಾರತದ ಕಾನ್ಸಲ್ ಮುಂತಾದವರ "ಮುಂದೆ" ಬರೆದುಕೊಟ್ಟು ಅವರಿಂದ ದೃಢೀಕರಣ ಆಗಿರಬೇಕು. ವಿಡಿಯೊದಲ್ಲಿ ಕಂಡದ್ದು "ಮುಂದೆ" ಆಗುತ್ತದೆಯೇ ಎಂದು ವಕೀಲರು ಗಂಟೆಗಟ್ಟಲೆ ವಾದ ಮಾಡಬಹುದು. ನಿಮ್ಮ ಭಾವ ಟೋಕನ್ ಹಿಡಿದು ಸಬ್‌ರಿಜಿಸ್ಟ್ರಾರ್ ಎದುರು ನಿಂತಾಗ, ಕೊಳ್ಳುವವರು ಬ್ಯಾಂಕಿನ ಡಿಡಿ ಹಿಡಿದು ಪಕ್ಕದಲ್ಲೇ ಕಾಯುತ್ತಿರುವಾಗ ಆ ವಾದ ಶುರುವಾಗುವುದು ಯಾರಿಗೂ ಬೇಡ.

ಆದ್ದರಿಂದ ಹಳೇ ದಾರಿಯೇ ವಾಸಿ. ಕರಡನ್ನು ಊರಿನ ವಕೀಲರಿಂದ ಬರೆಸಿ ತರಿಸಿಕೊಳ್ಳಿ. ಸರ್ವೆ ನಂಬರು, ಚೆಕ್ಕುಬಂದಿ, ಖಾತೆ ಸಂಖ್ಯೆ ಎಲ್ಲ ಅದರಲ್ಲಿರಲಿ. ಕಾಗದದ ಮೇಲೆ ಮುದ್ರಿಸಿ, ಖುದ್ದಾಗಿ ನೋಟರಿಯ ಎದುರು ಹೋಗಿ, ಪುಟಪುಟಕ್ಕೂ ಪೆನ್ನಿನಲ್ಲಿ ಸಹಿ ಮಾಡಿ. ಆಮೇಲೆ ರಾಜ್ಯದ ಅಪೊಸ್ಟಿಲ್, ಅಂದರೆ ಆ ನೋಟರಿಯ ಮುದ್ರೆ ಅಸಲಿಯೆಂದು ಬೇರೆ ದೇಶಕ್ಕೆ ಹೇಳುವ ಪ್ರಮಾಣಪತ್ರ. ಅದರ ಹಿಂದಿರುವ 1961ರ ಹೇಗ್ ಒಪ್ಪಂದ ಅಮೆರಿಕಕ್ಕೆ 1981ರಿಂದ, ಭಾರತಕ್ಕೆ 2005ರಿಂದ ಅನ್ವಯಿಸುತ್ತದೆ. ಭಾರತೀಯ ದೂತಾವಾಸದ ಅಟೆಸ್ಟೇಶನ್ ಇನ್ನೊಂದು ದಾರಿ. ಕೆಲವು ಸಬ್‌ರಿಜಿಸ್ಟ್ರಾರ್‌ಗಳಿಗೆ ಅದೇ ರುಚಿ. ಯಾವುದು ಬೇಕೆಂದು ಆ ಕಚೇರಿಗೆ ದಿನಾ ಹೋಗಿಬರುವ ಪತ್ರಬರಹಗಾರರನ್ನೇ ಕೇಳಿಸಿ.

ಮೂಲಪ್ರತಿ ಊರು ಮುಟ್ಟಿದ ಮೇಲೂ ಒಂದು ಗಡುವು ಇದೆ. ದೇಶದ ಹೊರಗೆ ಬರೆದ ಪತ್ರ ರಾಜ್ಯಕ್ಕೆ ಮೊದಲು ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು ಎನ್ನುತ್ತದೆ 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 18ನೇ ಸೆಕ್ಷನ್. ಕೊರಿಯರ್ ಲಕೋಟೆಯನ್ನು ಬೀರುವಿನಲ್ಲಿಟ್ಟು "ಗಿರಾಕಿ ಸಿಗಲಿ, ಆಮೇಲೆ ನೋಡೋಣ" ಎನ್ನುವ ಮನೆಗಳು ಬಹಳ. ಕೊರಿಯರ್ ಬಂದ ದಿನದ ರಸೀದಿಯನ್ನು ಲಕೋಟೆಯ ಜೊತೆಗೇ ಇಡಿ, ಶುಲ್ಕ ಕಟ್ಟಿ ಮುಗಿಸಿ.

3. ಹೆಸರು

ಹೆಸರಿನ ವಿಷಯದಲ್ಲಿ ನಮ್ಮವರಷ್ಟು ಕಷ್ಟಪಡುವವರು ಕಡಿಮೆ. ನಮ್ಮಲ್ಲಿ ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ. ಊರಿನ ಹೆಸರು, ಅಪ್ಪನ ಹೆಸರು ಎರಡೂ ಇನಿಷಿಯಲ್ ಆಗಿ ಮುಂದೆ ಕೂತಿರುತ್ತವೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರ ವೀಸಾದಲ್ಲಿ "ಎಫ್‌ಎನ್‌ಯು" ಎಂಬ ಮೂರು ಅಕ್ಷರ ಬಂದು ಕೂರುತ್ತದೆ, ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಅದೇ ಡ್ರೈವಿಂಗ್ ಲೈಸೆನ್ಸಿಗೂ ದಾಟುತ್ತದೆ. ಹಾಗಾಗಿ ಲೈಸೆನ್ಸಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಒಂದು, ಮನೆ ಪತ್ರದಲ್ಲಿ ಮತ್ತೊಂದು. ವಿಡಿಯೊ ನೋಟರಿ ನಡೆಯುವ ವೇದಿಕೆಯ ಯಂತ್ರ ಗುರುತಿನ ಚೀಟಿಯ ಫೋಟೊ ತೆಗೆದು, ಅದರ ಅಕ್ಷರ ಓದಿ, ನೀವು ಟೈಪ್ ಮಾಡಿದ ಹೆಸರಿನ ಜೊತೆ ತಾಳೆ ನೋಡುತ್ತದೆ. ಅದಕ್ಕೆ ನಮ್ಮ ಇನಿಷಿಯಲ್‌ಗಳ ಮೇಲೆ ಯಾವ ದಾಕ್ಷಿಣ್ಯವೂ ಇಲ್ಲ.

ಕಾಗದ ಅಪ್‌ಲೋಡ್ ಮಾಡುವ ಮುಂಚೆ ಗುರುತಿನ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ. ಎರಡು ಹೆಸರು ನಿಜವಾಗಿಯೂ ಬಳಕೆಯಲ್ಲಿದ್ದರೆ, ಇಬ್ಬರೂ ಒಬ್ಬರೇ ಎಂಬ ಸಾಲನ್ನು ಕಾಗದ ಬರೆದವರಿಂದಲೇ ಸೇರಿಸಿಕೊಳ್ಳಿ. ನಾನು ಅದನ್ನು ಸೇರಿಸುವಂತಿಲ್ಲ. "ಸಾರ್, ನೀವೇ ಒಂಚೂರು ತಿದ್ದಿಬಿಡಿ, ನಮ್ಮವರೇ ಅಲ್ವಾ" ಎಂದರೆ ಆಗುವುದಿಲ್ಲ.

4. ಐದು ಪ್ರಶ್ನೆ, ಎರಡು ನಿಮಿಷ

ಗುರುತಿನ ಚೀಟಿಯ ಪರೀಕ್ಷೆ ಮುಗಿದ ಮೇಲೆ ಅನೇಕ ವೇದಿಕೆಗಳಲ್ಲಿ ಪ್ರಶ್ನೆಗಳ ಸುತ್ತು ಬರುತ್ತದೆ. ಸಾಲದ ಚರಿತ್ರೆ, ಹಳೇ ವಿಳಾಸ, ವಾಹನದ ದಾಖಲೆಗಳಿಂದ ಹೆಕ್ಕಿದ ಪ್ರಶ್ನೆಗಳು. ಈ ಬೀದಿಗಳಲ್ಲಿ ನೀವು ಯಾವುದರಲ್ಲಿ ಇದ್ದಿರಿ, ಈ ಕಾರುಗಳಲ್ಲಿ ನಿಮ್ಮದು ಯಾವುದು, ಹೀಗೆ. ರೂಢಿಯಲ್ಲಿ ಐದು ಪ್ರಶ್ನೆ, ಎರಡು ನಿಮಿಷ, ನಾಲ್ಕಾದರೂ ಸರಿಯಿರಬೇಕು. "ಮೇಲಿನ ಯಾವುದೂ ಅಲ್ಲ" ಎಂಬುದೂ ಸರಿ ಉತ್ತರವಾಗಿರಬಹುದು ಎಂಬುದನ್ನು ಜನ ಮರೆಯುತ್ತಾರೆ. ನಾಲ್ಕು ಬೀದಿಯ ಹೆಸರು ಕಂಡ ಕೂಡಲೇ ಒಂದನ್ನು ಆರಿಸಲೇಬೇಕು ಎನಿಸುತ್ತದೆ, ನಮ್ಮ ಪರೀಕ್ಷೆಗಳ ಅಭ್ಯಾಸ.

ಇಲ್ಲಿ ಗಂಡಸರು ಹೆಂಡತಿಯನ್ನು ಕೂಗುವುದು ಸಾಮಾನ್ಯ ದೃಶ್ಯ. "ಲೇ, ಆ ಹಳೇ ಹೋಂಡಾ ಯಾವ ವರ್ಷದ್ದೇ?" ಅಡುಗೆಮನೆಯಿಂದ ಉತ್ತರ ಬಂದದ್ದು ನನ್ನ ಕಿವಿಗೆ ಬಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಅದು ನಿಮ್ಮ ಗುರುತಿನ ಪರೀಕ್ಷೆ, ನಿಮ್ಮ ಮನೆಯವರದ್ದಲ್ಲ.

ದೊಡ್ಡ ತೊಡಕು ಊರಿನಿಂದ ಬಂದ ಅಪ್ಪ ಅಮ್ಮಂದಿರದ್ದು. ವಿಸಿಟರ್ ವೀಸಾದ ಮೇಲೆ ಬಂದವರಿಗೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲ, ಇಲ್ಲಿ ಸಾಲ ಮಾಡಿಲ್ಲ, ಕಾರು ಕೊಂಡಿಲ್ಲ. ಕೇಳಲು ಯಂತ್ರದ ಹತ್ತಿರ ಪ್ರಶ್ನೆಯೇ ಇಲ್ಲ. ಹೊಸದಾಗಿ ಎಚ್1ಬಿ ಕೆಲಸದ ವೀಸಾದ ಮೇಲೆ ಬಂದವರ ಪಾಡೂ ಅದೇ. ವರ್ಜೀನಿಯದ ಕಾನೂನಿನಲ್ಲಿ ಬೇರೆ ಬಾಗಿಲುಗಳಿವೆ: ಸಹಿ ಮಾಡುವವರನ್ನು ನಾನೇ ಖುದ್ದಾಗಿ ಬಲ್ಲವನಾಗಿದ್ದರೆ ಆದೀತು, ಅಥವಾ ಅವರನ್ನು ಬಲ್ಲ ನಂಬಲರ್ಹ ಸಾಕ್ಷಿ ಪ್ರಮಾಣ ಮಾಡಿ ಹೇಳಿದರೆ ಆದೀತು. ಪಾಸ್‌ಪೋರ್ಟ್ ಮತ್ತು ಮುಖ ತಾಳೆ ನೋಡುವ ವೇದಿಕೆಗಳೂ ಇವೆ. ಆದರೂ ನಾನು ಹಿರಿಯರಿಗೆ ಹೇಳುವುದು, ಮಗನ ಕಾರಿನಲ್ಲಿ ಕುಳಿತು ಹತ್ತಿರದ ನೋಟರಿ ಹತ್ತಿರ ಹೋಗಿಬನ್ನಿ, ಪಾಸ್‌ಪೋರ್ಟ್ ತೋರಿಸಿದರೆ ಕೆಲಸ ಆಗುತ್ತದೆ.

5. ಮೊದಲೇ ಸಹಿ ಮಾಡಿ ಕಳಿಸಬೇಡಿ

ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡುತ್ತಾರೆ. ಸಮಯ ಉಳಿಸಿದೆವೆಂಬ ಹೆಮ್ಮೆ ಬೇರೆ. ಸಾಮಾನ್ಯವಾಗಿ ಅದನ್ನು ಬಿಟ್ಟು ಹೊಸದಾಗಿ ಶುರು ಮಾಡಬೇಕಾಗುತ್ತದೆ, ಏಕೆಂದರೆ ಸಹಿ ವಿಡಿಯೊದಲ್ಲಿ ನನ್ನ ಕಣ್ಣೆದುರೇ ಬೀಳಬೇಕು. ಖಾಲಿ ಜಾಗಗಳಿರುವ ಕಾಗದವೂ ಬೇಡ. ಮೊತ್ತವೋ ತಾರೀಖೋ ಆಮೇಲೆ ತುಂಬುತ್ತೇವೆ ಎಂದರೆ ನಾನು ಒಪ್ಪುವುದಿಲ್ಲ.

ಕೊನೆಯ ಪುಟದಲ್ಲಿ ನೋಟರಿಯ ಸರ್ಟಿಫಿಕೇಟ್ ಯಾವ ಬಗೆಯದೆಂದು ನೋಡಿಕೊಳ್ಳಿ. "ಈ ಸಹಿ ನನ್ನದು, ನಾನೇ ಇಷ್ಟಪಟ್ಟು ಮಾಡಿದ್ದು" ಎಂದು ಒಪ್ಪಿಕೊಳ್ಳುವುದು ಒಂದು ಬಗೆ. "ಇದರಲ್ಲಿ ಬರೆದದ್ದೆಲ್ಲ ಸತ್ಯ" ಎಂದು ಬಲಗೈ ಎತ್ತಿ ಪ್ರಮಾಣ ಮಾಡುವುದು ಇನ್ನೊಂದು; ಅಫಿಡವಿಟ್‌ಗಳಿಗೆ ಇದು ಬೇಕು. ಎರಡರಲ್ಲಿ ಯಾವುದು ಎಂದು ನೋಟರಿ ನಿಮ್ಮ ಪರವಾಗಿ ತೀರ್ಮಾನಿಸುವಂತಿಲ್ಲ, ಅದು ಕಾನೂನು ಸಲಹೆಯಾಗಿಬಿಡುತ್ತದೆ. ಕಾಗದ ಕೇಳಿದ ಕಚೇರಿಯನ್ನೇ ವಿಚಾರಿಸಿಕೊಂಡು ಬನ್ನಿ.

6. ನೀವು ಎಲ್ಲಿದ್ದೀರಿ ಎಂಬುದಲ್ಲ, ನೋಟರಿ ಎಲ್ಲಿದ್ದಾನೆ ಎಂಬುದು

ನೀವು ಡಲ್ಲಾಸಿನಲ್ಲಿ, ನಾನು ವರ್ಜೀನಿಯದಲ್ಲಿ. ಮುದ್ರೆ ಹಾಕುವ ಹೊತ್ತಿನಲ್ಲಿ ನಾನು ವರ್ಜೀನಿಯದ ಗಡಿಯೊಳಗೆ ಇರಲೇಬೇಕು. ರಜೆಗೆ ಬೆಂಗಳೂರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ನೋಟರಿ ಮಾಡುವಂತಿಲ್ಲ. ಸರ್ಟಿಫಿಕೇಟಿನಲ್ಲಿ ಬರುವುದೂ ನನ್ನ ಕೌಂಟಿಯ ಹೆಸರೇ. "ನಾನು ವರ್ಜೀನಿಯಕ್ಕೆ ಕಾಲೇ ಇಟ್ಟಿಲ್ಲವಲ್ಲ, ಇದು ತಪ್ಪಲ್ಲವೇ?" ಎಂದು ಗಾಬರಿಯಾಗಿ ಬರೆಯುವವರಿಗೆ ಇದೇ ಉತ್ತರ.

ಇದರ ನಿಜವಾದ ಪೆಟ್ಟು ಬೀಳುವುದು ಅಪೊಸ್ಟಿಲ್ ಬೇಕಾದಾಗ. ಅಪೊಸ್ಟಿಲ್ ಕೊಡುವುದು ನೋಟರಿಗೆ ಕಮಿಷನ್ ಕೊಟ್ಟ ರಾಜ್ಯ. ನನ್ನ ಮುದ್ರೆಗೆ ರಿಚ್ಮಂಡಿನ ಕಚೇರಿಯೇ ಆಗಬೇಕು. ನಿಮ್ಮ ರಾಜ್ಯದ ಆಸ್ಟಿನ್ನಿನ ಕಚೇರಿ ಅದನ್ನು ಮುಟ್ಟುವುದಿಲ್ಲ. ದೊಡ್ಡ ವೇದಿಕೆಗಳಲ್ಲಿ ನಿಮಗೆ ಯಾವ ರಾಜ್ಯದ ನೋಟರಿ ಸಿಗುತ್ತಾರೆ ಎಂಬುದು ಆ ಗಳಿಗೆಯಲ್ಲಿ ಯಾರು ಬಿಡುವಾಗಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಕಾಗದ ಬೇರೆ ದೇಶಕ್ಕೆ ಹೋಗುವುದಿದ್ದರೆ ಮೊದಲೇ ಹೇಳಿ. ಎಲೆಕ್ಟ್ರಾನಿಕ್ ಕಾಗದಕ್ಕೆ ಅಪೊಸ್ಟಿಲ್ ಕೊಡುವ ರೀತಿಯೂ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಕ್ಯಾಲಿಫೋರ್ನಿಯದವರಿಗೆ ಒಂದು ಮಾತು. ಅಲ್ಲಿನ ನೋಟರಿಗಳಿಗೆ ಆನ್‌ಲೈನ್ ಅವಕಾಶ ಕೊಡುವ ಕಾನೂನು 2023ರಲ್ಲಿ ಆಗಿದೆ, ಆದರೆ ಪೂರ್ತಿ ಜಾರಿಗೆ 2030ರ ಜನವರಿ 1ರ ತನಕ ಸಮಯ ಇಟ್ಟುಕೊಂಡಿದ್ದಾರೆ. ಬೇರೆ ರಾಜ್ಯದ ನೋಟರಿ ತಮ್ಮ ಕಾನೂನಿನಂತೆ ಮಾಡಿದ್ದನ್ನು ಕ್ಯಾಲಿಫೋರ್ನಿಯ ಮಾನ್ಯ ಮಾಡುತ್ತದೆ. ಫ್ರೀಮಾಂಟಿನಿಂದ, ಸನ್ನಿವೇಲಿನಿಂದ ನಮ್ಮವರು ನನಗೆ ಫೋನ್ ಮಾಡುವುದು ಇದಕ್ಕೇ.

7. ಕೋಣೆಯಲ್ಲಿ ಒಬ್ಬರೇ ಕುಳಿತುಕೊಳ್ಳಿ

ವಯಸ್ಸಾದವರು ಪರದೆಯಲ್ಲಿ, ಚೌಕಟ್ಟಿನ ಹೊರಗಿನಿಂದ ಒಂದು ದನಿ: "ಹೂಂ ಅನ್ನಮ್ಮ, ಹೂಂ ಅನ್ನು." ನೂರಕ್ಕೆ ತೊಂಬತ್ತು ಪಾಲು ಅದು ಪ್ರೀತಿಯ ಮಗನದೇ ದನಿ, ಅಮ್ಮನಿಗೆ ಇಂಗ್ಲಿಷ್ ತಡವರಿಸುತ್ತದೆ ಎಂಬ ಕಾಳಜಿ. ಉಳಿದ ಹತ್ತು ಪಾಲಿಗಾಗಿಯೇ ನೋಟರಿ ಎಂಬ ಹುದ್ದೆ ಇರುವುದು. ಅಂಥ ಸಮಯದಲ್ಲಿ ಮಗನನ್ನು ಹೊರಗೆ ಕಳಿಸಿ, ಕ್ಯಾಮೆರಾ ಸುತ್ತ ತಿರುಗಿಸಿ ಕೋಣೆ ತೋರಿಸಲು ಹೇಳಿ, "ಈ ಕಾಗದ ಯಾತರದ್ದಮ್ಮ, ಸಹಿ ಮಾಡಿದರೆ ಏನಾಗುತ್ತದೆ?" ಎಂದು ಕನ್ನಡದಲ್ಲೇ ಕೇಳುತ್ತೇನೆ. "ಅದೇನೋ ಬ್ಯಾಂಕಿಂದಂತೆ, ಇವನು ಹಾಕು ಅಂದ" ಎಂದು ಉತ್ತರ ಬಂದರೆ ಮುದ್ರೆ ಇಲ್ಲ. ಮಗನಿಗೆ ಸಿಟ್ಟು ಬರುತ್ತದೆ. ಬರಲಿ.

ಮುದ್ರೆ ನಿರಾಕರಿಸಬೇಕಾದ ಇನ್ನೊಂದು ಸಂದರ್ಭ ನನ್ನದೇ ಮನೆಯದು. ನಾನೋ ನನ್ನ ಹೆಂಡತಿಯೋ ಪಕ್ಷದಾರರಾಗಿರುವ, ಇಬ್ಬರಲ್ಲಿ ಒಬ್ಬರಿಗೆ ನೇರ ಲಾಭವಿರುವ ಯಾವ ಕಾಗದಕ್ಕೂ ನಾನು ನೋಟರಿ ಮಾಡುವಂತಿಲ್ಲ.

8. ಮೈಸೂರಿನಲ್ಲಿ ಕುಳಿತು ಅಮೆರಿಕದ ಮನೆ ಮಾರುವವರಿಗೆ

ಈ ಸೇವೆ ನಿಜಕ್ಕೂ ಕೈಹಿಡಿಯುವುದು ಇಲ್ಲಿ. ಊರಿಗೆ ಮರಳಿದವರ ಮನೆಯೊಂದು ಟೆಕ್ಸಾಸಿನಲ್ಲೋ ನಾರ್ತ್ ಕೆರೊಲಿನದಲ್ಲೋ ಉಳಿದಿರುತ್ತದೆ. ಮಾರಾಟದ ಪತ್ರಕ್ಕೆ ನೋಟರಿ ಬೇಕು. ಅಮೆರಿಕದ ಕಾನ್ಸುಲೇಟಿನಲ್ಲಿ ಮಾಡಿಸಲು ನಮ್ಮವರು ಚೆನ್ನೈಗೆ ಹೋಗುತ್ತಿದ್ದರು. ಒಂದೊಂದು ಮುದ್ರೆಗೆ 50 ಡಾಲರ್, ಅಪಾಯಿಂಟ್‌ಮೆಂಟ್ ಸಿಗುವ ದಿನ ಅವರು ಹೇಳಿದ ದಿನ. ಮಾರಾಟದ ಪತ್ರಗಳಲ್ಲಿ ಮುದ್ರೆ ಬೇಕಾದ ಜಾಗ ಒಂದೆರಡಲ್ಲ. ವಿಡಿಯೊದಲ್ಲಾದರೆ ಮೈಸೂರಿನ ಸಂಜೆ ಏಳೂವರೆ ನನಗೆ ಬೇಸಿಗೆಯಲ್ಲಿ ಬೆಳಗಿನ ಹತ್ತು ಗಂಟೆ, ಚಳಿಗಾಲದಲ್ಲಿ ಒಂಬತ್ತು.

ಗಮನಿಸಬೇಕಾದದ್ದು ಎರಡು. ಸಹಿ ಮಾಡುವವರು ದೇಶದ ಹೊರಗಿದ್ದರೆ ಆ ಕಾಗದಕ್ಕೆ ಅಮೆರಿಕದ ಆಸ್ತಿಯ, ನ್ಯಾಯಾಲಯದ ಅಥವಾ ವ್ಯವಹಾರದ ಸಂಬಂಧ ಇರಬೇಕೆಂದು ಹಲವು ರಾಜ್ಯಗಳ ಕಾನೂನು ಹೇಳುತ್ತದೆ. ಮನೆ ಮಾರಾಟಕ್ಕೆ ಇದರಿಂದ ತೊಂದರೆಯಿಲ್ಲ. ಎರಡನೆಯದು, ಊರಿಗೆ ಹೋಗಿ ಎಷ್ಟೋ ವರ್ಷವಾದ ಮೇಲೆ ಆ ಐದು ಪ್ರಶ್ನೆ ಎದುರಾಗುತ್ತವೆ. ಹಳೇ ಬಾಡಿಗೆ ಮನೆಗಳ ವಿಳಾಸ, ಆಗಿನ ಕಾರುಗಳು, ಸಾಲ ಕೊಟ್ಟ ಬ್ಯಾಂಕು ಎಲ್ಲವನ್ನೂ ಹಿಂದಿನ ದಿನ ನೆನಪು ಮಾಡಿಕೊಳ್ಳಿ. ಯುಪಿಎಸ್ ಬ್ಯಾಟರಿ ಸರಿಯಿದೆಯೇ ನೋಡಿ. ಕರೆಂಟು ಹೋಗಿ ವಿಡಿಯೊ ಕಡಿದರೆ ಗುರುತಿನ ಪರೀಕ್ಷೆ ಮೊದಲಿನಿಂದ ಆಗಬೇಕಾದೀತು.

ಇಂಥ ಮಾರಾಟಗಳಲ್ಲಿ ನಾನು ಹೆಚ್ಚು ಬಿಗಿಯಾಗಿರುತ್ತೇನೆ. ಒಡೆಯ ಬೇರೆ ದೇಶದಲ್ಲಿ, ಸೈಟು ಖಾಲಿ, ಅವನ ಹೆಸರಿನಲ್ಲಿ ಇನ್ನೊಬ್ಬ ಬಂದು ಮಾರುವುದು: ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದಲ್ಲೂ ಖಾಲಿ ನಿವೇಶನಗಳ ಈ ವಂಚನೆ ಬೆಳೆದು ತನಿಖಾ ಸಂಸ್ಥೆಗಳೇ ಎಚ್ಚರಿಕೆ ಕೊಟ್ಟಿವೆ.

9. ಆ ಫೈಲನ್ನು ಫೈಲಾಗಿಯೇ ಇಡಿ

ಕೊನೆಗೆ ನಿಮ್ಮ ಕೈಗೆ ಬರುವುದು ಒಂದು ಪಿಡಿಎಫ್. ನನ್ನ ಮುದ್ರೆಯ ಚಿತ್ರ ಅದರಲ್ಲಿ ಕಾಣುತ್ತದೆ, ಆದರೆ ಬೆಲೆ ಆ ಚಿತ್ರಕ್ಕಲ್ಲ, ಅದರೊಳಗಿನ ಡಿಜಿಟಲ್ ಸರ್ಟಿಫಿಕೇಟಿಗೆ. ಆಮೇಲೆ ಯಾರಾದರೂ ಒಂದು ಅಂಕಿ ಬದಲಿಸಿದರೂ ಅದು ಗೊತ್ತಾಗುತ್ತದೆ. ಫೈಲನ್ನು ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಿದರೆ, ಇನ್ನೊಂದು ಪಿಡಿಎಫ್ ಜೊತೆ ಹೊಲಿದರೆ, ಗಾತ್ರ ಇಳಿಸುವ ತಾಣಕ್ಕೆ ಹಾಕಿದರೆ ಆ ಬೀಗ ಒಡೆದಂತೆ. ಬಂದ ಫೈಲನ್ನು ಹಾಗೇ ಮುಂದಕ್ಕೆ ಕಳಿಸಿ. ಕೌಂಟಿ ಕಚೇರಿಗೆ ಕಾಗದವೇ ಬೇಕೆಂದರೆ, ಇದು ಎಲೆಕ್ಟ್ರಾನಿಕ್ ಮೂಲದ ಸರಿಯಾದ ಪ್ರತಿ ಎಂದು ದೃಢೀಕರಿಸಿದ ಮುದ್ರಿತ ಪ್ರತಿ ಒಪ್ಪುತ್ತಾರೆಯೇ ಎಂದು ಕೇಳಿ. ಅನೇಕ ರಾಜ್ಯಗಳಲ್ಲಿ ಆ ವ್ಯವಸ್ಥೆ ಇದೆ.

ವಿಡಿಯೊ ಕೂಡ ಉಳಿಯುತ್ತದೆ. ವರ್ಜೀನಿಯದಲ್ಲಿ ಕನಿಷ್ಠ 5 ವರ್ಷ, ಫ್ಲಾರಿಡದಲ್ಲಿ 10. ಬನಿಯನ್ನಿನಲ್ಲಿ ಕುಳಿತುಕೊಳ್ಳುವ ಮುಂಚೆ ಇದು ನೆನಪಿರಲಿ.

10. ದುಡ್ಡು

ವರ್ಜೀನಿಯದ ನೋಟರಿ ಒಂದು ಎಲೆಕ್ಟ್ರಾನಿಕ್ ಮುದ್ರೆಗೆ 25 ಡಾಲರ್‌ಗಿಂತ ಹೆಚ್ಚು ಕೇಳುವಂತಿಲ್ಲ. ಗುರುತಿನ ಪರೀಕ್ಷೆ, ವೇದಿಕೆಯ ಬಾಡಿಗೆ ಅದರ ಮೇಲೆ ಸೇರಬಹುದು. ಗಂಡ ಹೆಂಡತಿ ಇಬ್ಬರೂ ಸಹಿ ಮಾಡಬೇಕಾದರೆ, ಮುದ್ರೆಗಳು ಹಲವು ಇದ್ದರೆ ಮೊತ್ತ ಬೇಗ ಏರುತ್ತದೆ. ಒಟ್ಟು ಎಷ್ಟು ಎಂದು ಶುರುವಿನಲ್ಲೇ ಕೇಳಿ.

ಮಗುವನ್ನು ಅಜ್ಜಿಯ ಜೊತೆ ಊರಿಗೆ ಕಳಿಸಲು ಒಪ್ಪಿಗೆ ಪತ್ರ, ಶಾಲೆಗೆ ವಾಸದ ಅಫಿಡವಿಟ್, ಇಂಥ ಒಂದು ಪುಟದ ಕೆಲಸಕ್ಕೆ ನನ್ನನ್ನು ಹುಡುಕಬೇಡಿ. ಬಹಳಷ್ಟು ಬ್ಯಾಂಕುಗಳು ತಮ್ಮ ಖಾತೆದಾರರಿಗೆ ನೋಟರಿ ಪುಕ್ಕಟೆ ಮಾಡಿಕೊಡುತ್ತವೆ. ಕೆಲವು ಶಾಖೆಗಳಲ್ಲಿ ನೋಟರಿ ವಾರದಲ್ಲಿ ಒಂದೆರಡು ದಿನ ಮಾತ್ರ ಇರುತ್ತಾರೆ, ಫೋನ್ ಮಾಡಿ ಹೋಗಿ. ಪೆನ್ನು ಅವರೇ ಕೊಡುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಮಾತ್ರ ಅವಧಿ ಮುಗಿಯದ್ದು ಇರಲಿ.